ಕೋರ್ಗ್ ವೋಲ್ಕಾ ಬೀಟ್ಸ್, ಬೇಸ್, ಕೀಸ್: ಕೊಳ್ಳುವ ಮುನ್ನ ಮತ್ತು ಕೊಂಡ ಮೇಲೆ

ಹದಿನಾರು_ಹೆಜ್ಜೆ

ಕಡಿಮೆ ದುಡ್ಡಿನಲ್ಲಿ ಅನಲಾಗ್ ಗ್ರೂವ್‌ಬಾಕ್ಸ್ (ತಾಳ, ಸ್ವರಗಳನ್ನು ಜೋಡಿಸಿ ಮತ್ತೆ ಮತ್ತೆ ನುಡಿಸುವ ಪೆಟ್ಟಿಗೆ) ಹುಡುಕುವವರು ಹೆಚ್ಚಾಗಿ ಬಂದು ನಿಲ್ಲುವುದು ಕೋರ್ಗ್‌ನ ವೋಲ್ಕಾ ಸಾಲಿನ ಮುಂದೆ. 2013ರಲ್ಲಿ ಬೀಟ್ಸ್, ಬೇಸ್, ಕೀಸ್ ಎಂಬ ಮೂರು ಪೆಟ್ಟಿಗೆಗಳು ಒಟ್ಟಿಗೆ ಬಂದವು. ವಿನ್ಯಾಸದ ತಂಡಕ್ಕೆ ತತ್ಸುಯಾ ತಕಹಾಶಿ ಮುಖ್ಯಸ್ಥರು. ಮೂರನ್ನೂ ಜೋಡಿಸಿ ನುಡಿಸಿದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಬಿಟ್ಟುಹೋದದ್ದನ್ನು ಬಲ್ಲವರು ಸೇರಿಸಿ.

ಬೀಟ್ಸ್‌ನಲ್ಲಿ ಕಿಕ್, ಸ್ನೇರ್, ಎರಡು ಟಾಮ್, ಮುಚ್ಚಿದ ಹ್ಯಾಟ್, ತೆರೆದ ಹ್ಯಾಟ್ ಈ ಆರೂ ಅನಲಾಗ್, ಅಂದರೆ ಸರ್ಕಿಟ್ಟೇ ಹುಟ್ಟಿಸುವ ದನಿ. ಕ್ಲ್ಯಾಪ್, ಕ್ಲೇವ್ಸ್, ಅಗೋಗೊ, ಕ್ರ್ಯಾಶ್ ನಾಲ್ಕೂ ಪಿಸಿಎಂ, ಅಂದರೆ ಮುದ್ರಿತ ದನಿ. ಕಿಕ್ ಈ ಪೆಟ್ಟಿಗೆಯ ಜೀವ. ಪಿಚ್ ತಗ್ಗಿಸಿ ಡಿಕೇ (ದನಿ ಮಾಸುವ ಅವಧಿ) ಅರ್ಧಕ್ಕಿಂತ ಮೇಲಕ್ಕೆ ಒಯ್ದರೆ ಎದೆಗೆ ತಾಗುವ ತಳದ ದನಿ ಬರುತ್ತದೆ. ಒಳಗಿನ ಪುಟ್ಟ ಸ್ಪೀಕರಿನಲ್ಲಿ ಅದು ಕೇಳುವುದೇ ಇಲ್ಲ. ಅಂಗಡಿಗೆ ಹೋಗುವಾಗ ಒಳ್ಳೆಯ ಹೆಡ್‌ಫೋನ್ ಒಯ್ಯಿರಿ. ಸ್ನೇರ್ ಮಾತ್ರ ತೆಳ್ಳಗೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸ್ನ್ಯಾಪಿ ಗುಬ್ಬಿಯನ್ನು (ತಿರುಗಿಸುವ ನಾಬ್) ನಡುವಿಗೆ ಇಟ್ಟು, ಅದೇ ಹೆಜ್ಜೆಗೆ (ತಾಳದ ಹದಿನಾರು ಜಾಗಗಳಲ್ಲಿ ಒಂದು) ಲೋ ಟಾಮ್ ಸೇರಿಸಿ, ಮೇಲೆ ಕ್ಲ್ಯಾಪನ್ನು ಕಡಿಮೆ ಲೆವೆಲ್‌ನಲ್ಲಿ ಕೂರಿಸಿದರೆ ಮೈ ತುಂಬಿಕೊಳ್ಳುತ್ತದೆ. ಟಾಮ್‌ಗಳೆರಡಕ್ಕೂ ಡಿಕೇ ಒಂದೇ ಗುಬ್ಬಿಯಲ್ಲಿದೆ ಎಂಬುದು ನೆನಪಿರಲಿ.

ಬೇಸ್‌ನಲ್ಲಿ ಮೂರು ವಿಸಿಒ, ಅಂದರೆ ದನಿ ಹುಟ್ಟಿಸುವ ಆಸಿಲೇಟರ್. ಪ್ರತಿಯೊಂದಕ್ಕೂ ಸಾ (saw, ಗರಗಸದ ಹಲ್ಲಿನಂಥ ಅಲೆ) ಅಥವಾ ಸ್ಕ್ವೇರ್ (ಚೌಕದ ಅಲೆ) ಆರಿಸಬಹುದು, ಪಿಚ್ ಬೇರೆ ಬೇರೆ ಇಡಬಹುದು, ಬೇಕಾದರೆ ಮೂರಕ್ಕೂ ಬೇರೆ ಬೇರೆ ಸೀಕ್ವೆನ್ಸ್ (ಹೆಜ್ಜೆಗಳ ಸಾಲು) ಕೊಡಬಹುದು. ಫಿಲ್ಟರ್ ಒಂದೇ, ಎನ್ವಲಪ್ (ದನಿ ಏರಿ ಮಾಸುವ ಬಗೆ) ಒಂದೇ. ಕೀಸ್‌ನಲ್ಲಿಯೂ ಮೂರೇ ವಿಸಿಒ; ಅವನ್ನು ಪಾಲಿ, ಯೂನಿಸನ್, ಆಕ್ಟೇವ್, ಫಿಫ್ತ್, ಯೂನಿಸನ್ ರಿಂಗ್, ಪಾಲಿ ರಿಂಗ್ ಎಂದು ಆರು ಬಗೆಯಲ್ಲಿ ಹಂಚಬಹುದು. ಎನ್ವಲಪ್ ಮೂರು ಸ್ವರಕ್ಕೂ ಸೇರಿ ಒಂದೇ ಆದ್ದರಿಂದ ಪಿಯಾನೊದಂತೆ ಒಂದೊಂದು ಸ್ವರವೂ ತನ್ನ ಪಾಡಿಗೆ ತಾನು ಮಾಸುವುದಿಲ್ಲ. ಇದನ್ನು ತಿಳಿಯದೆ ಕಾರ್ಡ್ (ಹಲವು ಸ್ವರ ಒಟ್ಟಿಗೆ) ನುಡಿಸಲು ಕೊಂಡವರಿಗೆ ನಿರಾಸೆಯಾಗುತ್ತದೆ.

ಬಹಳ ಮುಖ್ಯವಾದ ಮಾತು: ಮೆಮೊರಿ ಎಂಟೇ, ಅದರಲ್ಲಿ ಉಳಿಯುವುದು ಸೀಕ್ವೆನ್ಸ್. ಬೀಟ್ಸ್‌ನ ಕಿಕ್ ಪಿಚ್, ಸ್ನೇರ್ ಡಿಕೇ, ಬೇಸ್‌ನ ಕಟಾಫ್ (ಫಿಲ್ಟರ್ ಎಷ್ಟು ತೆರೆದಿದೆ ಎಂಬುದು) ಇವೆಲ್ಲ ಗುಬ್ಬಿ ನಿಂತ ಜಾಗದಲ್ಲೇ ಇರುತ್ತವೆ, ಎಲ್ಲೂ ಸೇವ್ ಆಗುವುದಿಲ್ಲ. ಒಂದು ದನಿ ಮತ್ತೆ ಬೇಕೆಂದರೆ ಫಲಕದ ಫೋಟೊ ತೆಗೆದಿಡುವುದೇ ದಾರಿ.

ಬೆಸುಗೆ_ಧಾರವಾಡ

ಚಲೋ ಬರದೀರಿ. ನಾ ಕರೆಂಟಿನ ಮಾತು ಹೇಳತೀನಿ, ಯಾಕಂದ್ರ ಹೆಚ್ಚಿನ ಪೆಟ್ಟಿಗಿ ಕೆಡೋದು ಅಲ್ಲೇ.

ವೋಲ್ಕಾಕ್ಕ ಬೇಕಾಗೋದು 9 ವೋಲ್ಟ್ ಡಿಸಿ, ನಡುವಿನ ಪಿನ್ ಪಾಸಿಟಿವ್. ಗಿಟಾರ್ ಪೆಡಲ್‌ಗೆ ಬರೋ 9 ವೋಲ್ಟ್ ಅಡಾಪ್ಟರ್‌ದಾಗ ನಡುವಿನ ಪಿನ್ ನೆಗೆಟಿವ್ ಇರತೈತಿ. ವೋಲ್ಟ್ ಒಂದ, ದಿಕ್ಕು ಉಲ್ಟಾ. ಪ್ಲಗ್ಗಿನ ಅಳತಿನೂ ಬ್ಯಾರೆ: ವೋಲ್ಕಾದ್ದು ಹೊರಗ 4.0, ಒಳಗ 1.7 ಮಿ.ಮೀ. ಪೆಡಲ್‌ದ 5.5/2.1 ಪ್ಲಗ್ ತಾನಾಗಿ ಕೂಡಂಗಿಲ್ಲ, ಅದು ಒಂದು ರೀತಿ ರಕ್ಷಣಾನ ಆತು. ಆದ್ರ ಮಂದಿ ಅಳತಿ ಬದಲಿಸೋ ಪಿನ್ ತಂದು ಹಾಕತಾರ, ದಿಕ್ಕು ನೋಡಂಗಿಲ್ಲ. ಹಂಗ ಮಾಡಬ್ಯಾಡ್ರಿ. ಪಿನ್ ಹಾಕೋಕಿಂತ ಮೊದಲ ಮಲ್ಟಿಮೀಟರ್ ಹಚ್ಚಿ ನೋಡ್ರಿ: ಕೆಂಪು ತಂತಿ ನಡುವಿನ ಪಿನ್ನಿಗೆ, ಕಪ್ಪು ಹೊರಗಿನ ಕೊಳವಿಗೆ. ಮೈನಸ್ ಇಲ್ಲದ ಒಂಬತ್ತರ ಹತ್ರ ಬಂದ್ರ ಸರಿ.

ಕೋರ್ಗ್‌ನ ಕೆಎ-350 ಅಡಾಪ್ಟರ್ 1.7 ಆಂಪ್‌ದು. ಹೊರಗಿಂದ ತರಸಿದ್ರ ಅದರ ಮ್ಯಾಲೆ ಇನ್‌ಪುಟ್ 100–240 ವೋಲ್ಟ್ ಅಂತ ಅಚ್ಚಾಗೇತಿ ಏನು ನೋಡ್ರಿ; ಬರೇ 100 ಅಥವಾ 120 ಅಂತಿದ್ರ ನಮ್ಮ 230ಕ್ಕ ಚುಚ್ಚಿದ ಕೂಡ್ಲೆ ಸುಟ್ಟು ಹೊಕ್ಕೈತಿ.

ಬ್ಯಾಟರಿ ಅಂದ್ರ ಡಬಲ್ ಎ ಆರು. ಚಾರ್ಜ್ ಮಾಡೋ ನಿಕಲ್ ಸೆಲ್ ಹಾಕಿದ್ರ ಗ್ಲೋಬಲ್ ಸೆಟ್ಟಿಂಗ್‌ದಾಗ ಬ್ಯಾಟರಿ ನಮೂನಿ ಬದಲಿಸ್ರಿ. ಆರು ಸೆಲ್ ಕೂಡಿ 7.2 ವೋಲ್ಟ್ ಅಷ್ಟ ಬರತೈತಿ, ಪೆಟ್ಟಿಗಿ ಅದನ್ನ ಆಲ್ಕಲೈನ್ ಅಂತ ತಿಳಕೊಂಡ್ರ ಚಾರ್ಜ್ ಮುಗೀಲಿಕ್ಕೆ ಬಂತು ಅಂತ ತಪ್ಪು ತೋರಸತೈತಿ. ಬಹಳ ದಿನ ನುಡಸಂಗಿಲ್ಲ ಅಂದ್ರ ಸೆಲ್ ತಗದಿಡ್ರಿ.

ಶ್ರುತಿಪೆಟ್ಟಿಗೆ

ದನಿ ಹೊರಗೆ ತರುವಲ್ಲಿ ಎಲ್ಲರನ್ನೂ ಕಾಡುವ ಒಂದು ತೊಡಕಿದೆ, ಅದನ್ನು ಸೇರಿಸುತ್ತೇನೆ.

ವೋಲ್ಕಾದ ಔಟ್ 3.5 ಮಿ.ಮೀ ಸ್ಟೀರಿಯೊ ಹೆಡ್‌ಫೋನ್ ಜ್ಯಾಕ್. ಎಡ ಬಲ ಎರಡರಲ್ಲೂ ಬರುವುದು ಒಂದೇ ಮೊನೊ ದನಿ. ಪ್ಲಗ್ಗಿನಲ್ಲಿ ಮೂರು ಸಂಪರ್ಕವಿರುವ ಸ್ಟೀರಿಯೊ ಕೇಬಲ್ಲನ್ನು ಆಡಿಯೊ ಇಂಟರ್‌ಫೇಸಿನ (ಕಂಪ್ಯೂಟರಿಗೆ ದನಿ ಒಯ್ಯುವ ಪೆಟ್ಟಿಗೆ) ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ನೇರ ಚುಚ್ಚಿದರೆ ದನಿ ಹೆಚ್ಚುಕಡಿಮೆ ಮಾಯವಾಗುತ್ತದೆ. ಬ್ಯಾಲೆನ್ಸ್ಡ್ ಇನ್‌ಪುಟ್ ಎರಡು ತಂತಿಗಳ ವ್ಯತ್ಯಾಸವನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಎರಡರಲ್ಲೂ ಒಂದೇ ದನಿ ಇದ್ದರೆ ವ್ಯತ್ಯಾಸ ಸೊನ್ನೆ. ಪೆಟ್ಟಿಗೆ ಕೆಟ್ಟಿದೆ ಎಂದು ವಾಪಸ್ ಕಳಿಸುವ ಮೊದಲು ಇದನ್ನು ಪರೀಕ್ಷಿಸಿ.

ಸರಿಯಾದ ಕೇಬಲ್: ಒಂದು ಕಡೆ 3.5 ಮಿ.ಮೀ ಸ್ಟೀರಿಯೊ, ಇನ್ನೊಂದು ಕಡೆ 6.35 ಮಿ.ಮೀ ಮೊನೊ ಎರಡು. ಎರಡರಲ್ಲಿ ಒಂದನ್ನು ಚುಚ್ಚಿದರೆ ಸಾಕು, ಇನ್ನೊಂದನ್ನು ಯಾವ ಲೋಹಕ್ಕೂ ತಾಗದಂತೆ ಬಿಡಿ. 3.5ರ ತುದಿಯಲ್ಲಿ ಮೊನೊ ಪ್ಲಗ್ ಹಾಕಬೇಡಿ, ಬಲಗಡೆಯ ಹೆಡ್‌ಫೋನ್ ಔಟ್ ನೆಲಕ್ಕೆ ಶಾರ್ಟ್ ಆಗುತ್ತದೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಈ ಕೇಬಲ್ಲೂ ಮೇಲೆ ಹೇಳಿದ 4.0/1.7 ಪ್ಲಗ್ಗೂ ಹುಡುಕಿದರೆ ಸಿಗುತ್ತವೆ.

ವಾಲ್ಯೂಮ್ ಮುಕ್ಕಾಲಿನ ಆಸುಪಾಸಿನಲ್ಲಿ ಇಟ್ಟು, ಇಂಟರ್‌ಫೇಸಿನ ಗೇನ್ ತಗ್ಗಿಸಿ. ಉಲ್ಟಾ ಮಾಡಿದರೆ ಬುಸ್ಸೆನ್ನುವ ಗದ್ದಲವೂ ಜೊತೆಗೇ ಹಿಗ್ಗುತ್ತದೆ. ಕೀಸ್‌ನ ಡಿಲೇ ಡಿಜಿಟಲ್. ಟೈಮ್ ಉದ್ದ ಮಾಡಿದಷ್ಟೂ ಅದರ ಗುಣಮಟ್ಟ ಇಳಿದು ಗರಗರ ಹೆಚ್ಚುತ್ತದೆ. ಕೆಲವರಿಗೆ ಆ ಗರಗರವೇ ಇಷ್ಟ. ಇಷ್ಟವಿಲ್ಲದವರು ಫೀಡ್‌ಬ್ಯಾಕ್ ಪೂರ್ತಿ ಇಳಿಸಿ, ಹೊರಗಿನ ಡಿಲೇ ಬಳಸಿ.

ಕರಾವಳಿ_ವಿಸಿಒ

ಸಿಂಕ್ ವಿಷಯ, ಅಂದರೆ ಪೆಟ್ಟಿಗೆಗಳನ್ನು ಒಂದೇ ಲಯದಲ್ಲಿ ಓಡಿಸುವುದು, ಯಾರೂ ಹೇಳಿಲ್ಲ. ಮೂರು ಪೆಟ್ಟಿಗೆ ಕೊಂಡವರ ಮೊದಲ ತಲೆನೋವು ಅದೇ.

ಜೊತೆಗೆ ಬರುವ ಸಣ್ಣ ಕೇಬಲ್ಲಿನಲ್ಲಿ ಬೀಟ್ಸ್‌ನ ಸಿಂಕ್ ಔಟ್‌ನಿಂದ ಬೇಸ್‌ನ ಸಿಂಕ್ ಇನ್‌ಗೆ, ಬೇಸ್‌ನ ಔಟ್‌ನಿಂದ ಕೀಸ್‌ನ ಇನ್‌ಗೆ. ಹೋಗುವುದು 5 ವೋಲ್ಟ್‌ನ ಪಲ್ಸ್, ಒಂದು ಬೀಟಿಗೆ 2. ಅಂದರೆ ಎರಡು ಹೆಜ್ಜೆಗೆ ಒಂದು ಪಲ್ಸ್. ಈ ಪಲ್ಸ್‌ನಲ್ಲಿ "ಶುರು ಮಾಡು", "ನಿಲ್ಲಿಸು" ಎಂಬ ಸೂಚನೆ ಇಲ್ಲ. ಆದ್ದರಿಂದ ಕ್ರಮ ಹೀಗೆ: ಹಿಂಬಾಲಿಸುವ ಕೀಸ್, ಬೇಸ್‌ಗಳಲ್ಲಿ ಮೊದಲು ಪ್ಲೇ ಒತ್ತಿ, ಅವು ಕಾಯುತ್ತವೆ. ಕೊನೆಗೆ ಬೀಟ್ಸ್‌ನಲ್ಲಿ ಒತ್ತಿ. ನಡುವೆ ಒಂದು ಹೆಜ್ಜೆ ತಪ್ಪಿತೋ, ಮೂರನ್ನೂ ನಿಲ್ಲಿಸಿ ಮತ್ತೆ ಅದೇ ಕ್ರಮದಲ್ಲಿ ಶುರು.

ಮಾಡ್ಯುಲರ್ ಸಿಂತ್‌ನಿಂದ ಕ್ಲಾಕ್ (ಲಯದ ಪಲ್ಸ್) ಕೊಡುವವರು ಗಮನಿಸಿ, ಅಲ್ಲಿ ಬೀಟಿಗೆ 4 ಪಲ್ಸ್ ಬರುವುದು ಸಾಮಾನ್ಯ. ಹಾಗೇ ಕೊಟ್ಟರೆ ವೋಲ್ಕಾ ದುಪ್ಪಟ್ಟು ವೇಗದಲ್ಲಿ ಓಡುತ್ತದೆ. ಕ್ಲಾಕನ್ನು ಎರಡರಿಂದ ಭಾಗಿಸಿ ಕೊಡಿ.

ಲ್ಯಾಪ್‌ಟಾಪ್ ಇದ್ದರೆ ಮಿಡಿ (ವಾದ್ಯಗಳ ನಡುವೆ ಸೂಚನೆ ಒಯ್ಯುವ ಸಂಪರ್ಕ) ಕ್ಲಾಕ್ ಬೀಟ್ಸ್ ಒಂದಕ್ಕೇ ಕೊಟ್ಟು, ಅಲ್ಲಿಂದ ಮುಂದಕ್ಕೆ ಸಿಂಕ್ ಕೇಬಲ್ ಹರಿಸಿ. ಮಿಡಿ ಇನ್ ಮಾತ್ರ ಇದೆ, ದೊಡ್ಡ 5 ಪಿನ್ನಿನದು. ಔಟ್ ಇಲ್ಲ.

ಹದಿನಾರು_ಹೆಜ್ಜೆ

ಮಿಡಿಯಿಂದ ನುಡಿಸುವವರಿಗೆ ಬೀಟ್ಸ್‌ನ ಸ್ವರ ಸಂಖ್ಯೆಗಳು: ಕಿಕ್ 36, ಸ್ನೇರ್ 38, ಕ್ಲ್ಯಾಪ್ 39, ಮುಚ್ಚಿದ ಹ್ಯಾಟ್ 42, ಲೋ ಟಾಮ್ 43, ತೆರೆದ ಹ್ಯಾಟ್ 46, ಕ್ರ್ಯಾಶ್ 49, ಹೈ ಟಾಮ್ 50, ಅಗೋಗೊ 67, ಕ್ಲೇವ್ಸ್ 75. ವೆಲಾಸಿಟಿಗೆ (ಕೀ ಒತ್ತಿದ ಬಲಕ್ಕೆ) ಪೆಟ್ಟಿಗೆ ಕಿವಿಗೊಡುವುದಿಲ್ಲ. ಒತ್ತು ಬೇಕೆಂದರೆ ಸ್ವರಕ್ಕೆ ತುಸು ಮುಂಚೆ ಆ ಭಾಗದ ಲೆವೆಲ್ ಸಿಸಿ (ಗುಬ್ಬಿಯ ಬದಲು ಮಿಡಿಯಲ್ಲಿ ಹೋಗುವ ಸೂಚನೆ) ಕಳಿಸಬೇಕು. ಕಿಕ್‌ನದು ಸಿಸಿ 40. ಅಲ್ಲಿಂದ 49ರವರೆಗೆ ಉಳಿದ ಭಾಗಗಳು.

ಬೇಸ್‌ನ ಕಟಾಫ್, ಪೀಕ್ ಎರಡಕ್ಕೂ ಸಿಸಿ ಇಲ್ಲ, ಮೋಷನ್ ಸೀಕ್ವೆನ್ಸೂ ಇಲ್ಲ. ಫಿಲ್ಟರ್ ತೆರೆಯುವ ಕೆಲಸ ಕೈಯದೇ. ಕೀಸ್‌ನಲ್ಲಿ ಕಟಾಫ್‌ಗೆ ಸಿಸಿ 44 ಇದೆ, ಗುಬ್ಬಿಯ ಚಲನೆಯೂ ದಾಖಲಾಗುತ್ತದೆ. ಹಾಗಾಗಿ ಕೀಸ್ ತನ್ನ ಪಾಡಿಗೆ ಓಡಲಿ, ಎಡಗೈ ಬೇಸ್‌ನ ಕಟಾಫ್ ಮೇಲೆ, ಬಲಗೈ ಬೀಟ್ಸ್ ಮೇಲೆ. ಮೂರು ಪೆಟ್ಟಿಗೆಯನ್ನು ಎರಡೇ ಕೈಯಲ್ಲಿ ನುಡಿಸಲು ಇದು ಸರಿಹೋಗುವ ಹಂಚಿಕೆ.

ಕಿಕ್ ಮತ್ತು ಬೇಸ್ ಒಂದರ ಮೇಲೊಂದು ಬಿದ್ದು ಕೆಸರಾಗುವುದು ಸಾಮಾನ್ಯ ದೂರು. ಕಿಕ್ ಬಂದಾಗ ಬೇಸನ್ನು ತಾನಾಗಿ ತಗ್ಗಿಸುವ ಸೈಡ್‌ಚೈನ್ ಇಲ್ಲಿಲ್ಲ. ಕಿಕ್ 1, 5, 9, 13ರಲ್ಲಿ ಇದ್ದರೆ ಬೇಸನ್ನು 3, 7, 11, 15ಕ್ಕೆ ಸರಿಸಿ. ಕಿಕ್‌ನ ಪಿಚ್ಚನ್ನು ಹಾಡಿನ ಷಡ್ಜಕ್ಕೋ ಪಂಚಮಕ್ಕೋ ಸೇರಿಸಿ. ಡಿಕೇ ಉದ್ದವಿಟ್ಟು ಶ್ರುತಿ ಮಾಡಿ, ಆಮೇಲೆ ಚಿಕ್ಕದು ಮಾಡಿದರೆ ಸ್ವರ ಹಿಡಿಯುವುದು ಸುಲಭ.

ಚಾಪು_ತಾಳ

ಸರ್, 16 ಹೆಜ್ಜೆ ಎಂದ ಕೂಡಲೇ ಎಲ್ಲರೂ ನಾಲ್ಕು ನಾಲ್ಕರ ಲೆಕ್ಕಕ್ಕೇ ಹೋಗುತ್ತಾರೆ. ಆಕ್ಟಿವ್ ಸ್ಟೆಪ್ ಎಂಬ ಸೌಲಭ್ಯವನ್ನು ಬಳಸುವವರು ಕಡಿಮೆ. ನಮ್ಮ ತಾಳಗಳಿಗೆ ಇದಕ್ಕಿಂತ ಒಳ್ಳೆಯ ಗುಂಡಿ ಈ ಪೆಟ್ಟಿಗೆಯಲ್ಲಿ ಇಲ್ಲ.

ಆ ವಿಧಾನಕ್ಕೆ ಹೋದಾಗ ದೀಪ ಉರಿಯುವ ಹೆಜ್ಜೆಗಳು ಮಾತ್ರ ನುಡಿಯುತ್ತವೆ. ಆರಿಸಿದ ಹೆಜ್ಜೆಯಲ್ಲಿ ಮೌನವಲ್ಲ, ಆ ಹೆಜ್ಜೆಯೇ ಇಲ್ಲದಂತೆ ಸೀಕ್ವೆನ್ಸ್ ಮುಂದಕ್ಕೆ ಜಿಗಿಯುತ್ತದೆ. ಕೊನೆಯ ಎರಡನ್ನು ಆರಿಸಿ 14 ಉಳಿಸಿ: ಮಿಶ್ರ ಚಾಪು, ಮಾತ್ರೆಗೆ ಎರಡು ಹೆಜ್ಜೆಯಂತೆ. 3+2+2ರ ಒತ್ತು 1, 7, 11ನೇ ಹೆಜ್ಜೆಗೆ ಬರುತ್ತದೆ. 10 ಉಳಿಸಿದರೆ ಖಂಡ ಚಾಪು, ಒತ್ತು 1 ಮತ್ತು 5ಕ್ಕೆ. ಆದಿತಾಳಕ್ಕೆ ಏನೂ ಮುಟ್ಟಬೇಕಿಲ್ಲ, ಅಕ್ಷರಕ್ಕೆ ಎರಡು ಹೆಜ್ಜೆ. ಲಘು 1ರಿಂದ, ದ್ರುತಗಳು 9 ಮತ್ತು 13ರಿಂದ.

ಬೀಟ್ಸ್‌ನಲ್ಲಿ 14 ಮಾಡಿ ಬೇಸ್‌ನಲ್ಲಿ 16 ಹಾಗೇ ಬಿಟ್ಟರೆ ಎರಡೂ ಮತ್ತೆ ಸಮಕ್ಕೆ ಕೂಡುವುದು 112 ಹೆಜ್ಜೆಯ ನಂತರ. ಬೇಕೆಂದೇ ಮಾಡಿದರೆ ಅದು ಸೊಗಸು. ಬೇಡವಾದರೆ ಮೂರರಲ್ಲೂ ಒಂದೇ ಸಂಖ್ಯೆ ಇಡಿ.

ಬೆಸುಗೆ_ಧಾರವಾಡ

ಹೌದ್ರಿ, ನಮ್ಮ ಕಡೆ ತೀನ್‌ತಾಳಕ್ಕ ಹದಿನಾರು ಮಾತ್ರಾ ಸರೀ ಕೂಡತೈತಿ. ಡಗ್ಗಾಕ್ಕ ಲೋ ಟಾಮ್, ದಾಯಾಕ್ಕ ಹೈ ಟಾಮ್. ಹೈ ಟಾಮ್ ಎಲ್ಲಾ ಮಾತ್ರಾಕ್ಕ ಹಾಕ್ರಿ. ಲೋ ಟಾಮ್ 1ರಿಂದ 9, ಆಮ್ಯಾಲೆ 14ರಿಂದ 16. 10, 11, 12, 13ರಾಗ ಬಿಡ್ರಿ: ತಿನ್ ತಿನ್ ತಾ, ತಾ. ಖಾಲಿ ತಾನಾಗಿ ಕೇಳಸತೈತಿ.

ಆದ್ರ ಲಯದ ತೊಂದ್ರಿ ಐತಿ. ಟೆಂಪೊ ಗುಬ್ಬಿ ಸಾಮಾನ್ಯ ತಿರುಗೋದು 56ರಿಂದ 240. ಒಂದು ಬೀಟಿಗೆ ನಾಕು ಹೆಜ್ಜಿ. ಒಂದು ಹೆಜ್ಜಿಗೆ ಒಂದು ಮಾತ್ರಾ ಅಂದ್ರ 56ರಾಗ ನಿಮಿಷಕ್ಕ 224 ಮಾತ್ರಾ ಆತು, ಅದು ದ್ರುತ್. ನಿಮಿಷಕ್ಕ 80 ಮಾತ್ರಾದ ಮಧ್ಯಲಯ ಬೇಕಂದ್ರ ಟೆಂಪೊ 20 ಇಡಬೇಕು. ಫಂಕ್ ಗುಂಡಿ ಹಿಡದು ಪೆಟ್ಟಿಗಿ ಆನ್ ಮಾಡ್ರಿ, ಗ್ಲೋಬಲ್ ಸೆಟ್ಟಿಂಗ್ ತಗೀತೈತಿ. ಅಲ್ಲಿ ಟೆಂಪೊ ವ್ಯಾಪ್ತಿ ಪೂರ್ತಿ ಮಾಡಿದ್ರ 10ರಿಂದ 600ರ ತನಕ ಸಿಗತೈತಿ. ಯಾವ ಹೆಜ್ಜಿ ಗುಂಡಿಗೆ ಯಾವ ಸೆಟ್ಟಿಂಗ್ ಅನ್ನೋ ಪಟ್ಟಿ ಕೈಪಿಡಿಯಾಗ ಐತಿ, ಅದನ್ನ ಮುಂದ ಇಟ್ಟಕೊಂಡ ಒತ್ತರಿ.

ಶ್ರುತಿಪೆಟ್ಟಿಗೆ

ತಂಬೂರಿಯ ಕೆಲಸಕ್ಕೆ ಕೀಸ್‌ಗಿಂತ ಬೇಸ್ ಮೇಲು. ಕಾರಣ ಲೆಕ್ಕದಲ್ಲಿದೆ. ಕೀಸ್‌ನ ಫಿಫ್ತ್ ವಿಧಾನ ಕೊಡುವುದು ಕೀಬೋರ್ಡಿನ ಪಂಚಮ, 700 ಸೆಂಟ್ (ಅರ್ಧಸ್ವರಕ್ಕೆ 100). ತಂಬೂರಿಯ ಪಂಚಮ 702ರ ಹತ್ತಿರ. ಷಡ್ಜ 130.8 ಹರ್ಟ್ಸ್ ಇದ್ದರೆ ಅದರ ಮೂರನೇ ಹಾರ್ಮಾನಿಕ್ 392.4, ಕೀಬೋರ್ಡ್ ಪಂಚಮದ ಎರಡನೆಯದು 392.0. ಎರಡಕ್ಕೂ ತಿಕ್ಕಾಟ ಹುಟ್ಟಿ ಸುಮಾರು ಎರಡು ಸೆಕೆಂಡಿಗೊಮ್ಮೆ ದನಿ ಏರಿಳಿಯುತ್ತದೆ. ಹಾಡಲು ಕೂತವರ ಕಿವಿಗೆ ಇದು ತಪ್ಪದೆ ತಾಗುತ್ತದೆ.

ಬೇಸ್‌ನಲ್ಲಿ ಪ್ರತಿ ವಿಸಿಒಗೂ ಬೇರೆ ಪಿಚ್ ಗುಬ್ಬಿ ಇರುವುದರಿಂದ ಒಂದನ್ನು ಷಡ್ಜಕ್ಕೂ ಒಂದನ್ನು ಮಂದ್ರಕ್ಕೂ ಇಟ್ಟು, ಮೂರನೆಯದನ್ನು ಪಂಚಮದ ಬಳಿ ತಂದು ಆ ಏರಿಳಿತ ಆದಷ್ಟು ನಿಧಾನವಾಗುವ ಕಡೆ ನಿಲ್ಲಿಸಿ. ಮೂರಕ್ಕೂ ಗರಗಸದ (saw) ಅಲೆ, ಕಟಾಫ್ ಮೂರನೇ ಒಂದು ಭಾಗ, ಅಟ್ಯಾಕ್ ನಿಧಾನ. ಆನ್ ಮಾಡಿ ಹತ್ತು ನಿಮಿಷ ಕಾದು ಶ್ರುತಿ ಮಾಡಿ. ಅನಲಾಗ್ ವಿಸಿಒ ಬೆಚ್ಚಗಾಗುವಾಗ ತುಸು ಜಾರುತ್ತದೆ.

ಚಾಪು_ತಾಳ

ಬೇಸ್‌ನ ಸ್ಲೈಡ್‌ನಲ್ಲಿ ಗಮಕ ತರಬಹುದೇ ಎಂದು ಇನ್ನೊಂದು ಕಡೆ ಯಾರೋ ಕೇಳಿದ್ದರು. ಜಾರು ಬರುತ್ತದೆ. ಎರಡು ಸ್ವರದ ನಡುವಿನ ಹೆಜ್ಜೆಗೆ ಸ್ಲೈಡ್ ಕೊಟ್ಟು, ಸಿಸಿ 5ರಲ್ಲಿ ಅದರ ಅವಧಿ ಹಿಗ್ಗಿಸಿ. ಕಂಪಿತ ಬರುವುದಿಲ್ಲ. ಎಲ್‌ಎಫ್‌ಒ (ದನಿಯನ್ನು ನಿಧಾನವಾಗಿ ಅಲುಗಿಸುವ ಆಸಿಲೇಟರ್) ಪಿಚ್ಚನ್ನು ಸ್ವರದ ಮೇಲಕ್ಕೂ ಕೆಳಕ್ಕೂ ಸಮನಾಗಿ ಒಂದೇ ವೇಗದಲ್ಲಿ ಅಲುಗಿಸುತ್ತದೆ. ತೋಡಿಯ ಗಾಂಧಾರದ ಆಂದೋಲನ ಹಾಗೆ ಸಮನಾಗಿರುವುದಿಲ್ಲ, ಎಲ್ಲಿ ನಿಲ್ಲಬೇಕು ಎಲ್ಲಿ ತಾಗಿ ಬರಬೇಕು ಎಂಬುದು ರಾಗದ ತೀರ್ಮಾನ. ಹೆಚ್ಚು ಕಂಪನವಿಲ್ಲದ ಸ್ವರಗಳ ರಾಗಗಳನ್ನು ಆರಿಸಿದರೆ ಪೆಟ್ಟಿಗೆಗೂ ರಾಗಕ್ಕೂ ಅನ್ಯಾಯವಾಗದು. ಹಂಸಧ್ವನಿ, ಮೋಹನದ ಸರಳ ಸಂಚಾರಗಳು ಚೆನ್ನಾಗಿ ಕೂರುತ್ತವೆ.

ಈ ದಾರಿ ಹೊಸದಲ್ಲ. ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್‌ನ ಟಿಬಿ-303, ಟಿಆರ್-808, ಜುಪಿಟರ್-8 ಎಂಬ ಸಿಂತ್, ಡ್ರಮ್ ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳ ರೆಕಾರ್ಡ್ ಮಾಡಿದರು. 303ರ ಸ್ಲೈಡ್ ಜಾರಿಗೆ ಎಷ್ಟು ಹೊಂದುತ್ತದೆ ಎಂಬುದು ಅಲ್ಲಿ ಕಿವಿಗೇ ತಿಳಿಯುತ್ತದೆ.

ಹೊಸಬ_ತುಮಕೂರು

ಎಲ್ಲರಿಗೂ ನಮಸ್ಕಾರ. ಒಂದೇ ಕೊಳ್ಳಲು ಸಾಧ್ಯ ಎಂದರೆ ಯಾವುದು? ಮೂರರ ದುಡ್ಡು ಸೇರಿಸಿ ಒಂದೇ ದೊಡ್ಡ ಪೆಟ್ಟಿಗೆ ಕೊಳ್ಳುವುದು ಮೇಲಾ?

ಕರಾವಳಿ_ವಿಸಿಒ

ಒಂದೇ ಎಂದರೆ ಬೇಸ್. ಡ್ರಮ್ಮಿನ ದನಿ ಫೋನಿನಲ್ಲೂ ಸಿಗುತ್ತದೆ. ಮೂರು ವಿಸಿಒಗಳನ್ನು ತುಸು ತುಸು ಸರಿಸಿ ಫಿಲ್ಟರ್ ತಿರುಗಿಸಿದಾಗ ಬರುವ ದಪ್ಪ ದನಿ ಸಿಗುವುದಿಲ್ಲ.

ದೊಡ್ಡ ಪೆಟ್ಟಿಗೆಯ ಕಡೆ ನೋಡುವುದಾದರೆ ನೊವೇಶನ್‌ನ ಸರ್ಕಿಟ್ ಮೊನೊ ಸ್ಟೇಶನ್, 2017ರದು, ಈಗ ಹೆಚ್ಚಾಗಿ ಹಳೆಯದೇ ಸಿಗುತ್ತದೆ. ಎರಡು ಆಸಿಲೇಟರ್, 32 ಪ್ಯಾಡ್, ಸ್ವರಕ್ಕೆ ಎರಡು ಸೀಕ್ವೆನ್ಸ್ ಮತ್ತು ಮಾಡ್ಯುಲೇಶನ್‌ಗೇ ಒಂದು ಸೀಕ್ವೆನ್ಸ್. ದನಿಯೂ ಸೇವ್ ಆಗುತ್ತದೆ. ಡ್ರಮ್ ಇಲ್ಲ. ಡ್ರಮ್ಮೇ ಮುಖ್ಯವಾದರೆ ಆರ್ಟೂರಿಯಾದ ಡ್ರಮ್‌ಬ್ರೂಟ್ ಇಂಪ್ಯಾಕ್ಟ್: ಹತ್ತು ದನಿ, ಎಲ್ಲವೂ ಅನಲಾಗ್, 64 ಹೆಜ್ಜೆ. ಎಲೆಕ್ಟ್ರಾನ್‌ನ ಅನಲಾಗ್ ಪೆಟ್ಟಿಗೆಗಳಲ್ಲಿ ಪ್ರತಿ ಹೆಜ್ಜೆಗೂ ಬೇರೆ ದನಿ ಇಡಬಹುದು, ಆದರೆ ಬೆಲೆ ಬೇರೆ ಮಟ್ಟದ್ದು, ಕಲಿಯಲು ಬೇಕಾದ ತಾಳ್ಮೆಯೂ ಬೇರೆ.

ಹದಿನಾರು_ಹೆಜ್ಜೆ

ನನ್ನದು ಬೇರೆ ಅಭಿಪ್ರಾಯ. ಕೈಯಲ್ಲಿ ಬೇರೆ ಯಾವ ವಾದ್ಯವೂ ಇಲ್ಲದವರು ಬೀಟ್ಸ್‌ನಿಂದ ಶುರು ಮಾಡಲಿ. ಸ್ವರ ಬಾರದವರಿಗೂ ಮೊದಲ ದಿನವೇ ಹೆಜ್ಜೆ ಜೋಡಿಸುವ ಬುದ್ಧಿ ಕಲಿಸುವುದು ಅದೇ. ಹಾರ್ಮೋನಿಯಂ, ವೀಣೆ, ಕೊಳಲು ನುಡಿಸುವವರಾದರೆ ನೀವು ಹೇಳಿದಂತೆ ಬೇಸ್ ಸರಿ.

ವಿದೇಶದಿಂದ ತರಿಸಿದರೆ ಲೆಕ್ಕ ಹೀಗೆ ಹಾಕಿ: ವಸ್ತುವಿನ ಬೆಲೆ, ಸಾಗಣೆ, ವಿಮೆ ಮೂರೂ ಸೇರಿದ ಮೊತ್ತದ ಮೇಲೆ ಕಸ್ಟಮ್ಸ್ ಸುಂಕ, ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್, ಎಲ್ಲ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ. ಕೊರಿಯರ್‌ನವರ ಶುಲ್ಕ ಬೇರೆ. ಅಲ್ಲಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಅಗ್ಗ ಎಂದುಕೊಳ್ಳಬೇಡಿ. ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿ.

ಬೆಸುಗೆ_ಧಾರವಾಡ

ಹಳೇದು ತಗೊಳ್ಳೋರು ಮೊದಲ ಬ್ಯಾಟರಿ ಮುಚ್ಚಳ ತಗೀರಿ. ಸ್ಪ್ರಿಂಗ್ ಮ್ಯಾಲೆ ಹಸರು ಅಥವಾ ಬಿಳಿ ಪುಡಿ ಇದ್ರ ಸೆಲ್ ಸೋರೇತಿ. ಬರೇ ಸ್ಪ್ರಿಂಗ್‌ದಾಗ ಇದ್ರ ಒರಸಬಹುದು, ತಂತಿ ತನಕ ಹೋಗಿದ್ರ ಬಿಡ್ರಿ. ಆಮ್ಯಾಲೆ ಒಂದೊಂದ ಗುಬ್ಬಿ ಮೆಲ್ಲಕ ಈ ತುದಿಯಿಂದ ಆ ತುದಿಗೆ ತಿರುಗಸ್ರಿ. ನಡುವ ಕರಕರ ಅಂದ್ರ ಧೂಳು, ದನಿ ಜಿಗದ್ರ ಪಾಟ್ (ಗುಬ್ಬಿ ಕೆಳಗಿನ ಭಾಗ) ಸವದೈತಿ. ಹೆಡ್‌ಫೋನ್ ಪಿನ್ ಹಾಕಿ ಅಲುಗಾಡಿಸ್ರಿ, ಒಂದು ಕಿವಿ ಹೋಗಿ ಬಂದ್ರ ಜ್ಯಾಕ್ ಬೆಸುಗಿ ಬಿಟ್ಟೈತಿ. ಅದು ದೊಡ್ಡ ಕೆಲಸ ಅಲ್ಲ, ಬೆಲಿ ಇಳಸಲಿಕ್ಕೆ ಸಾಕು. ಟಚ್ ಪಟ್ಟಿ ಒಂದೊಂದ ಕೀ ಒತ್ತಿ ನೋಡ್ರಿ, ಕೈ ಒಣಗಿರಲಿ, ಬೆವತ ಬೆರಳಿಗೆ ಪಕ್ಕದ ಸ್ವರಾನೂ ಹತ್ತತೈತಿ. ಸಿಂಕ್ ಔಟ್‌ನಿಂದ ಇನ್ನೊಂದು ಪೆಟ್ಟಿಗಿ ಓಡತೈತಿ ಏನು ಅಂತ ನೋಡೋದು ಮರೀಬ್ಯಾಡ್ರಿ.

ಬಿಚ್ಚಿ ಮಾರ್ಪಾಡು ಮಾಡೋರಿಗೆ ಒಂದು ಮಾತು. 2011ರ ಮೊನೊಟ್ರೈಬ್‌ದ ಸರ್ಕಿಟ್ ನಕ್ಷಾ ಕೋರ್ಗ್ ತಾನ ಹೊರಗ ಬಿಟ್ಟಿತ್ತು, ವೋಲ್ಕಾದ ಬೋರ್ಡ್ ಮ್ಯಾಲೂ ಬೆಸುಗಿ ಜಾಗಕ್ಕ ಹೆಸರ ಅಚ್ಚು ಹಾಕ್ಯಾರ. ಮಿಡಿ ಔಟ್ ಹೊರಗ ತರೋದು, ಬೀಟ್ಸ್‌ದ ಸ್ನೇರಿಗೆ ಒಂದು ಕೆಪಾಸಿಟರ್ ಕೂಡಿಸಿ ದಪ್ಪ ಮಾಡೋದು, ಎರಡೂ ಬಹಳ ಮಂದಿ ಮಾಡತಾರ. ಆದ್ರ ಭಾಗಗಳು ಎಸ್‌ಎಂಡಿ, ಸಾಸಿವಿ ಕಾಳಿನಷ್ಟ. ದಪ್ಪ ಮೊನಚಿನ 60 ವ್ಯಾಟ್ ಬೆಸುಗಿ ಕಡ್ಡಿ ಹಿಡದ್ರ ಪ್ಯಾಡ್ ಕಿತ್ತು ಬರತೈತಿ. ಸಣ್ಣ ಮೊನಚು, ಫ್ಲಕ್ಸ್, ಚಿಮಟ ಇದ್ರ ಮಾತ್ರ ಕೈ ಹಾಕ್ರಿ. ಬ್ಯಾಟರಿ ತಗದ ಮ್ಯಾಲ ಕೆಲಸ. ಬಿಚ್ಚಿದ್ರ ವಾರಂಟಿ ಹೋತು.

ಹೊಸಬ_ತುಮಕೂರು

ಬಹಳ ಉಪಕಾರವಾಯಿತು. ಹಾರ್ಮೋನಿಯಂ ನುಡಿಸುತ್ತೇನೆ, ಹಾಗಾಗಿ ಬೇಸ್. ಮುಂದೆ ಬೀಟ್ಸ್ ಸೇರಿಸಿದರೆ ಎರಡಕ್ಕೂ ಒಂದೇ ಅಡಾಪ್ಟರ್ ಸಾಕಾ?

ಶ್ರುತಿಪೆಟ್ಟಿಗೆ

1.7 ಆಂಪ್ ಎರಡಕ್ಕೂ ಸಾಲುತ್ತದೆ. ಕವಲು ಕೇಬಲ್ ಕೊಳ್ಳುವಾಗ ಮೂರೂ ತುದಿ 4.0/1.7 ಇರಲಿ. ಒಂದೇ ಅಡಾಪ್ಟರಿನಿಂದ ಎರಡಕ್ಕೂ ಕರೆಂಟ್ ಕೊಟ್ಟು, ಸಿಂಕ್ ಕೇಬಲ್, ಆಡಿಯೊ ಕೇಬಲ್ ಎಲ್ಲ ಸೇರಿದಾಗ ನೆಲದ ತಂತಿ ಸುತ್ತು ಹೊಡೆದು ಗುಂಯ್ ಎನ್ನುವ ಸದ್ದೋ ಟಿಕ್ ಟಿಕ್ ಎಂಬ ಸಿಂಕ್ ಸದ್ದೋ ಸೋರಬಹುದು. ಹಾಗಾದರೆ ಒಂದನ್ನು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಕಾರಣ ಅದೇ, ಎರಡನೇ ಅಡಾಪ್ಟರ್ ತನ್ನಿ. ಮೂರೂ ಪೆಟ್ಟಿಗೆ ಆಗುವ ಯೋಚನೆ ಇದ್ದರೆ 2018ರಲ್ಲಿ ಬಂದ ವೋಲ್ಕಾ ಮಿಕ್ಸ್ ನೋಡಿ: ಮೂರು ವೋಲ್ಕಾಗೆ 9 ವೋಲ್ಟ್ ಅದೇ ಹಂಚುತ್ತದೆ, ಸಿಂಕೂ ಅಲ್ಲಿಂದಲೇ.